ಒಳಗಿನ ಹಳದಿ

ಮನುಷ್ಯನ ನಿಜವಾದ ಬಣ್ಣ ಚರ್ಮದ ಮೇಲಿಲ್ಲ, ಅದರ ಅಡಿಯಲ್ಲಿದೆ ಎಂಬ ಸತ್ಯವನ್ನು ಶನಿವಾರಸಂತೆಯಲ್ಲಿ ಮೊದಲು ಸಾರಿದವರು ಜವಳಿ ಅಂಗಡಿಯ ನಂಜಪ್ಪನವರು. ಅದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿಕೊಟ್ಟ ಪಾಪಿ ನಾನು. ಎರಡನ್ನೂ ಮೊದಲೇ ಹೇಳಿಬಿಟ್ಟಿದ್ದೇನೆ. ಕೊನೆಗೆ ಯಾರನ್ನು ಬೈಯಬೇಕು ಎಂದು ಓದುವವರು ತಡಕಾಡುವುದು ಬೇಡ.

ನಾನು ದರ್ಜಿ, ಹೆಸರು ಪುಟ್ಟರಾಜು. ಹಾಸನದ ಕಡೆಯಿಂದ ಬಂದವನು. ನಂಜಪ್ಪನವರ ಅಂಗಡಿಯ ಜಗಲಿಯ ಮೇಲೆ ಹೊಲಿಗೆ ಮೆಷಿನ್ನು ಇಟ್ಟುಕೊಂಡಿದ್ದೆ. ಒಳಗೆ ಅವರು ಬಟ್ಟೆ ಹರಿದುಕೊಡುವುದು, ಹೊರಗೆ ನಾನು ಹೊಲಿಯುವುದು. ಜಗಲಿಯ ಮೇಲೆ ಕೂತವನಿಗೆ ಅಂಗಡಿಯ ಮಾತೂ ಕೇಳುತ್ತದೆ, ಬೀದಿಯ ಮಾತೂ ಕೇಳುತ್ತದೆ. ಆಗ ಕೊಡಗು ಬೇರೆಯೇ ರಾಜ್ಯ. ಇಡೀ ರಾಜ್ಯಕ್ಕೆ ಇಬ್ಬರೇ ಮಂತ್ರಿಗಳಿದ್ದರು. ಸುದ್ದಿ ಹಬ್ಬಿಸುವವರು ಮಾತ್ರ ಬೀದಿಗೆ ಇಪ್ಪತ್ತು ಜನರಿದ್ದರು.

ನಂಜಪ್ಪನವರಿಗೆ ಒಬ್ಬಳೇ ಮಗಳು, ಸುಲೋಚನ. ಹತ್ತೊಂಬತ್ತು ವರ್ಷ. ಹುಡುಗಿ ಕಪ್ಪು. ಎಣ್ಣೆಗೆಂಪು, ಸಾದಾ ಬಣ್ಣ ಎಂದೆಲ್ಲ ಸುತ್ತಿ ಬಳಸಿ ಹೇಳುವ ಅಭ್ಯಾಸ ನನಗಿಲ್ಲ. ಕಣ್ಣಳತೆಯಲ್ಲೇ ಮೂರು ಗಜ ಬಟ್ಟೆಯನ್ನು ಬೆರಳಗಲ ಹೆಚ್ಚುಕಡಿಮೆ ಇಲ್ಲದೆ ಹರಿಯುತ್ತಿದ್ದಳು. ಆದರೆ ಹೆಣ್ಣು ನೋಡಲು ಬಂದವರು ಬಟ್ಟೆ ಹರಿಸಿ ನೋಡುವುದಿಲ್ಲ. ಐದು ಕಡೆಯವರು ಬಂದು ಉಪ್ಪಿಟ್ಟು ತಿಂದು, ಊರಿಗೆ ಹೋಗಿ ಕಾಗದ ಬರೆಯುತ್ತೇವೆ ಎಂದು ಹೋಗಿದ್ದರು. ಪ್ರತಿ ಸಲವೂ ತಾಯಿ ಶಕುಂತಲಮ್ಮ ಮಗಳ ಮುಖಕ್ಕೆ ಬಿಳಿ ಪೌಡರು ಮೆತ್ತುತ್ತಿದ್ದರು. ಮುಖ ಬೂದಿ ಬಣ್ಣ, ಕತ್ತು ಕಪ್ಪು, ನಡುವೆ ಸ್ಪಷ್ಟವಾದ ಗಡಿ. ಬಂದವರು ಹುಡುಗಿಯನ್ನು ಬಿಟ್ಟು ಆ ಗಡಿಯನ್ನೇ ನೋಡಿಕೊಂಡು ಹೋಗುತ್ತಿದ್ದರು.

ಆರನೆಯವರು ಕೊಡ್ಲಿಪೇಟೆಯ ಏಲಕ್ಕಿ ವ್ಯಾಪಾರಿ ಸಿದ್ದಬಸಪ್ಪನವರು. ಅವರು ಒಪ್ಪಿದರು. “ಬಣ್ಣ ನೋಡಿ ತಗಳಕ್ಕೆ ಹುಡುಗಿ ಏನು ಸೀರೆಯಾ, ಬುಡಿ ಬೀಗರೆ” ಎಂದರು. ದೊಡ್ಡ ಮಾತು. ಹಾಗೆ ಹೇಳುವಾಗ ಅವರ ಕಣ್ಣು ಅಂಗಡಿಯ ತುಂಬಿದ ಬೀರುಗಳ ಮೇಲೆ ಓಡಾಡುತ್ತಿದ್ದುದನ್ನು ನಾನು ಕಂಡೆ. ಆದರೂ ಮಾತು ದೊಡ್ಡದೇ. ಹುಡುಗ ಮಾತ್ರ ನಿಜವಾಗಿ ಒಳ್ಳೆಯವನಂತೆ ಕಂಡ. ಸುಲೋಚನಳನ್ನು ಏನು ಓದಿದ್ದೀರಿ ಎಂದು ಕೇಳಿದ, ಅವಳು ಹೇಳಿದ್ದನ್ನು ಕೇಳಿಸಿಕೊಂಡ. ಮಾರನೆಯ ದಿನ ಅವಳು ಜಗಲಿಗೆ ಬಂದು, “ಪುಟ್ರಾಜಣ್ಣ, ಒಂಚೂರು ನೀಲಿ ದಾರ ಕೊಡಿ” ಎಂದಳು. ಬಿಳಿ ಕರವಸ್ತ್ರದ ಮೂಲೆಯಲ್ಲಿ ಅವನ ಹೆಸರಿನ ಮೊದಲ ಅಕ್ಷರ ಹಾಕಿದಳು. ನನಗೆ ಕಾಣದ ಹಾಗೆ ಕೈ ಮರೆ ಮಾಡಿಕೊಂಡೇ ಹಾಕಿದಳು. ಆ ಹುಡುಗಿ ಅಷ್ಟು ಖುಷಿಯಾಗಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಇಲ್ಲಿಗೆ ನಂಜಪ್ಪನವರು ಸುಮ್ಮನಿದ್ದಿದ್ದರೆ ಮದುವೆ ಆಗಿಹೋಗುತ್ತಿತ್ತು. ಆದರೆ ಅವರು ಪಾಲಿಬೆಟ್ಟಕ್ಕೆ ಹೋದರು.

ಹೋದದ್ದು ಕಾಫಿ ಎಸ್ಟೇಟಿನ ಕೂಲಿ ಲೈನುಗಳಿಗೆ ಕಂಬಳಿ ಕೊಡುವುದಕ್ಕೆ. ಅಲ್ಲಿ ಇಂಗ್ಲಿಷ್ ದೊರೆ ತೋಟ ಮಾರಿ ಸೀಮೆಗೆ ಹೊರಟಿದ್ದ. ದೊರೆಸಾನಿ ಬಿಟ್ಟುಹೋದ ಒಂದು ತಗಡಿನ ಪೆಟ್ಟಿಗೆಯನ್ನು ತೋಟದ ಲೆಕ್ಕ ಬರೆಯುವ ರೈಟರು ಇವರಿಗೆ ಕೊಟ್ಟುಬಿಟ್ಟರು. ಒಳಗೆ ಕಿಟಕಿ ಪರದೆಯ ತುಂಡುಗಳು, ಖಾಲಿಯಾದ ಪೌಡರ್ ಡಬ್ಬಿಗಳು, ಬಣ್ಣದ ಚಿತ್ರಗಳಿದ್ದ ಒಂದು ತೆಳ್ಳನೆಯ ಪುಸ್ತಕ. ನಾನು ಫೋರ್ತ್ ಫಾರಂವರೆಗೆ ಓದಿ ಫೇಲಾದವನು. ಇಡೀ ಬೀದಿಯಲ್ಲಿ ಅಷ್ಟು ಇಂಗ್ಲಿಷು ಫೇಲಾದವನು ಬೇರೆ ಯಾರೂ ಇರಲಿಲ್ಲ. ಹಾಗಾಗಿ ಓದುವ ಕೆಲಸ ನನಗೆ ಬಂತು.

ಪುಸ್ತಕ ಹೇಳುವುದಿಷ್ಟು: ಚರ್ಮ ಬಿಳುಪಾಗಿರಲಿ, ಮಂಕಾಗಿರಲಿ, ಅದರ ಅಡಿಯಲ್ಲಿ ಇನ್ನೊಂದು ಬಣ್ಣ ಇರುತ್ತದೆ. ಹಗಲು ಬೆಳಕಿನಲ್ಲಿ ಮುಂಗೈಯ ಒಳಮಗ್ಗುಲಿನ ನರ ನೋಡಬೇಕು. ನರ ನೀಲಿಯಾಗಿ ಕಂಡರೆ ಅಡಿಯಲ್ಲಿ ಗುಲಾಬಿ. ಹಸಿರಾಗಿ ಕಂಡರೆ ಅಡಿಯಲ್ಲಿ ಹಳದಿ. ಗುಲಾಬಿಯವರಿಗೆ ಬೆಳ್ಳಿ, ನೇರಳೆ, ತಿಳಿನೀಲಿ ಒಪ್ಪುತ್ತದೆ. ಹಳದಿಯವರಿಗೆ ಬಂಗಾರ, ಅರಿಶಿನ, ಇಟ್ಟಿಗೆ ಕೆಂಪು, ಎಲೆ ಹಸಿರು. ಪೌಡರು ಕೂಡ ಒಳಗಿನ ಬಣ್ಣಕ್ಕೆ ಸರಿಯಾಗಿರಬೇಕು, ಸುಮ್ಮನೆ ಬಿಳಿ ಬಳಿದುಕೊಂಡರೆ ಮುಖ ಸತ್ತ ಹಾಗೆ ಕಾಣುತ್ತದೆ.

ನಂಜಪ್ಪನವರು ಪುಸ್ತಕವನ್ನು ಕೈಗೆ ತೆಗೆದುಕೊಂಡು ಪುಟಗಳನ್ನು ತಿರುವಿದರು.

“ಅಂದ್ರೆ ಪುಟ್ರಾಜು, ಮೇಲೆ ಕಪ್ಪೋ ಬಿಳುಪೋ, ಅದು ಮುಖ್ಯ ಅಲ್ಲ ಅಂತಾಯ್ತು.”

“ಪುಸ್ತಕದಲ್ಲಿ ಹಂಗೇ ಐತೆ.”

“ಇಂಗ್ಲಿಷಿನೋರೇ ಬರೆದವ್ರಾ?”

“ಅವರೇ.”

“ಅಚ್ಚು ಹಾಕ್ಸವ್ರಾ?”

“ಅಚ್ಚಾಗೈತಲ್ಲ, ನೋಡಿ.”

ಅವರ ಕಣ್ಣಲ್ಲಿ ನೀರು ಬಂತು. “ಆ ಐದು ಮನೆಯೋರು ಬಂದಾಗ ಈ ಪುಸ್ತಕ ಕೈಯಲ್ಲಿದ್ದಿದ್ರೆ ಅವರ ಮುಖಕ್ಕೆ ಹಿಡೀತಿದ್ದೆ ಕಣಯ್ಯ” ಎಂದರು. ಪುಸ್ತಕದಲ್ಲಿದ್ದ ಇಪ್ಪತ್ತೆರಡು ಹೆಂಗಸರಲ್ಲಿ ಅತ್ಯಂತ ಕಪ್ಪು ಎಂದು ಹಾಕಿದ್ದವಳು ನಮ್ಮೂರಿನ ಅತ್ಯಂತ ಬಿಳಿಯ ಹೆಂಗಸಿಗಿಂತ ಎರಡು ಪಾಲು ಬಿಳಿ ಇದ್ದಳು. ನಮ್ಮಂಥವರು ಇದ್ದೇವೆ ಎಂದು ಆ ಪುಸ್ತಕಕ್ಕೆ ಗೊತ್ತೇ ಇರಲಿಲ್ಲ. ಇದನ್ನು ನಾನು ಹೇಳಬಹುದಿತ್ತು. ಕಣ್ಣಲ್ಲಿ ನೀರು ತಂದುಕೊಂಡು ಕೂತವನಿಗೆ ಹೇಗೆ ಹೇಳುವುದು ಎಂದು ಸುಮ್ಮನಾದೆ.

ಮುಂದಿನ ಸಂತೆಯಿಂದ ನಂಜಪ್ಪನವರು ಸೀರೆ ಕೇಳಿ ಬಂದವರಿಗೆ ಸೀರೆ ತೋರಿಸುವುದನ್ನು ನಿಲ್ಲಿಸಿ, “ಮೊದ್ಲು ಕೈ ತೋರ್ಸಿ” ಎನ್ನತೊಡಗಿದರು. ಪಕ್ಕದ ಬೀದಿಯ ವನಜಮ್ಮನ ಮುಂಗೈಯನ್ನು ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿದಾಗ ಆ ಮಹಾತಾಯಿ ಎಸೆದ ಮಾತುಗಳನ್ನು ಇಲ್ಲಿ ಬರೆಯಲಾಗುವುದಿಲ್ಲ. ಆಮೇಲೆ ಅವರು ಮುಟ್ಟುವುದನ್ನು ಬಿಟ್ಟು ಗಜದ ಕೋಲಿನ ತುದಿಯಿಂದ ತೋರಿಸಿ ನೋಡುವ ಪದ್ಧತಿ ತಂದರು. ನಮ್ಮ ಜನದ ಕೈಯಲ್ಲಿ ನರ ಕಾಣುವುದೇ ಕಷ್ಟ. ನರ ಕಾಣದಿದ್ದರೆ ಹಸಿರು ಎಂದೇ ತಿಳಿಯತಕ್ಕದ್ದು ಎಂದು ಅವರೇ ಒಂದು ನಿಯಮ ಮಾಡಿಕೊಂಡರು. ಹೀಗಾಗಿ ಊರಿನವರೆಲ್ಲ ಹಳದಿಯಾದರು.

“ವನಜಮ್ನೋರೆ, ನಿಮ್ಮೊಳಗೆ ಹಳದಿ ಐತೆ” ಎಂದರು ಗಂಭೀರವಾಗಿ.

ವನಜಮ್ಮ ಬೈಯುವುದನ್ನು ನಿಲ್ಲಿಸಿದರು. ಕೈಯ ನರ ನೋಡಿ, ಒಳಗೆ ಹಳದಿ ಇದೆ ಎಂದು ಒಬ್ಬ ದೊಡ್ಡ ಮನುಷ್ಯ ಹೇಳಿದರೆ ಅದರ ಅರ್ಥ ಏನು ಎಂದು ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಗೊತ್ತು. ಕೈ ನೋಡುವವನು ನಾಡಿ ಪಂಡಿತ. ಒಳಗಿನ ಹಳದಿ ಎಂದರೆ ಕಾಮಾಲೆ. ಆಕೆ ಅಳುಮುಖ ಮಾಡಿಕೊಂಡು, “ಅದಕ್ಕೇ ನಂಗೆ ಮೂರು ತಿಂಗಳಿಂದ ಸುಸ್ತು” ಎಂದರು. “ಈಗೇನು ಮಾಡ್ಲಿ?”

“ಈ ಅರಿಶಿನ ಬಣ್ಣದ ಸೀರೆ ಉಟ್ಕಳಿ. ಎಲ್ಲ ಸರಿಯಾಗ್ತದೆ.”

ಹಳದಿ ಸೀರೆ ಮೈಯ ಹಳದಿಯನ್ನು ಎಳೆದುಕೊಳ್ಳುತ್ತದೆ ಎಂದು ವನಜಮ್ಮ ಅರ್ಥ ಮಾಡಿಕೊಂಡರು. ಎಂಟು ದಿನ ಉಟ್ಟರು, ಜೊತೆಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿದರು. ಇಲ್ಲದ ಕಾಯಿಲೆ ಎಂಟೇ ದಿನಕ್ಕೆ ಹೋಯಿತು. ಮುಂದಿನ ಸಂತೆಯಲ್ಲಿ ಅಂಗಡಿಯ ಮುಂದೆ ಸಾಲು ನಿಂತಿತು. ನಂಜಪ್ಪನವರು ತಮ್ಮ ಬಣ್ಣದ ಶಾಸ್ತ್ರ ಜನಕ್ಕೆ ಹಿಡಿಸಿತು ಎಂದುಕೊಂಡರು. ಜನ ಕಾಮಾಲೆ ಪಂಡಿತ ಸಿಕ್ಕಿದ ಎಂದುಕೊಂಡರು. ಎರಡೂ ಕಡೆಯವರು ಸಂತೋಷವಾಗಿದ್ದರು. ಜಗಲಿಯ ಮೇಲೆ ಕೂತಿದ್ದ ನನಗೆ ಒಳಗಿನದೂ ಹೊರಗಿನದೂ ಎರಡೂ ಕೇಳುತ್ತಿತ್ತು. ಆದರೆ ಸೀರೆಗೊಂದು ರವಿಕೆಯಂತೆ ನನ್ನ ಮೆಷಿನ್ನು ನಿಲ್ಲದೆ ಓಡುತ್ತಿತ್ತು. ಓಡುವ ಮೆಷಿನ್ನನ್ನು ಯಾವ ದರ್ಜಿಯೂ ತಾನಾಗಿ ನಿಲ್ಲಿಸುವುದಿಲ್ಲ.

ಸೀರೆ ಆದ ಮೇಲೆ ಪೌಡರಿನ ಸರದಿ. ಬಿಳಿ ಪೌಡರಿಗೆ ಚಿಟಿಕೆ ಅರಿಶಿನ, ಚಿಟಿಕೆ ಕಾವಿ ಬೆರೆಸಿ ನಂಜಪ್ಪನವರು ಪೊಟ್ಟಣ ಕಟ್ಟಿದರು. ಮೊದಲು ಮಗಳಿಗೆ ಹಚ್ಚಿಸಿ, ಅರಿಶಿನ ಬಣ್ಣದ ಸೀರೆ ಉಡಿಸಿ ಜಗಲಿಯ ಮೇಲೆ ನಿಲ್ಲಿಸಿದರು. ನಿಜ ಹೇಳಬೇಕು: ಮುಖಕ್ಕೂ ಕತ್ತಿಗೂ ನಡುವೆ ಇದ್ದ ಗಡಿ ಅಳಿಸಿಹೋಗಿತ್ತು. ಹುಡುಗಿ ಕಪ್ಪಾಗಿಯೇ ಇದ್ದಳು, ಬಹಳ ಚೆನ್ನಾಗಿದ್ದಳು. ಪುಸ್ತಕ ಸುಳ್ಳು ಹೇಳಿರಲಿಲ್ಲ. ಶಕುಂತಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, “ಈ ಬುದ್ಧಿ ಮೊದ್ಲೇ ಬಂದಿದ್ರೆ” ಎಂದರು.

ಆದರೆ ಬೆರಕೆಯ ಅಳತೆ ನಂಜಪ್ಪನವರಿಗೆ ಮಾತ್ರ ಗೊತ್ತು. ಪೊಟ್ಟಣ ತೆಗೆದುಕೊಂಡ ಹೆಂಗಸರು, ಒಂದು ಚಿಟಿಕೆಗೆ ಇಷ್ಟು ಗುಣ ಇದ್ದರೆ ಒಂದು ಹಿಡಿಗೆ ಎಷ್ಟಿರಬೇಕು ಎಂದು ಮನೆಯಲ್ಲಿ ಇನ್ನಷ್ಟು ಅರಿಶಿನ ಸುರಿದುಕೊಂಡರು. ಮುಂದಿನ ಶನಿವಾರ ಸಂತೆಗೆ ಬಂದ ಅರ್ಧ ಹೆಂಗಸರ ಮುಖ ಹಳದಿ, ಸೀರೆಯೂ ಹಳದಿ. ಸರಿಯಾಗಿ ಅದೇ ದಿನ ಹೆಲ್ತ್ ಇನ್ಸ್‌ಪೆಕ್ಟರ್ ಮೊಣ್ಣಪ್ಪನವರು ಜೀಪಿನಿಂದ ಇಳಿದರು. ಶನಿವಾರಸಂತೆಯಲ್ಲಿ ಕಾಮಾಲೆ ಎದ್ದಿದೆ ಎಂದು ಮಡಿಕೇರಿಗೆ ಯಾರೋ ಅರ್ಜಿ ಹಾಕಿದ್ದರು. ಅವರು ಒಂದು ಸುತ್ತು ನೋಡಿ, ಟೋಪಿ ತೆಗೆದು, ನೇರವಾಗಿ ನಮ್ಮ ಅಂಗಡಿಗೆ ಬಂದರು.

“ಎಂಥ ಮಾರಾಯ್ರೆ ಇದು, ಇಡೀ ಊರೇ ಹಳದಿ ಉಂಟಲ್ಲ! ಒಳಗೆ ಹಳದಿ ಅಂತ ಹೇಳಿದ್ದು ನೀವೆಯಾ?”

“ನಾನೇ ಸ್ವಾಮಿ” ಎಂದರು ನಂಜಪ್ಪನವರು. ಸರ್ಕಾರದವರೂ ಕೇಳಿಕೊಂಡು ಬಂದರಲ್ಲ ಎಂದು ಅವರಿಗೆ ಹೆಮ್ಮೆ. “ಅದು ಹುಟ್ಟಿದಾಗ್ಲಿಂದ್ಲೇ ಇರ್ತದೆ.”

“ಹುಟ್ಟಿದಾಗಿಂದ್ಲೇ! ತಾಯಿಂದ ಮಕ್ಕಳಿಗೆ ಬರ್ತದಾ?”

“ಬರ್ತದೆ ಸ್ವಾಮಿ. ಸಾಯೋತನಕ ಹೋಗಲ್ಲ.”

ಮೊಣ್ಣಪ್ಪನವರು ಬರೆದುಕೊಂಡರು. “ಎಷ್ಟು ಮಂದಿಗೆ ಉಂಟು?”

“ನಾನು ನೋಡಿದೋರಿಗೆಲ್ಲ ಐತೆ. ಎಲ್ಲಿ, ತಮ್ಮ ಕೈ ಒಂಚೂರು ತೋರ್ಸಿ.” ಗಜದ ಕೋಲು ಇನ್ಸ್‌ಪೆಕ್ಟರ ಮುಂಗೈಯ ಮೇಲೆ ನಿಂತಿತು. “ತಮಗೂ ಐತೆ.”

ಮೊಣ್ಣಪ್ಪನವರು ಪೆನ್ನಿನ ಮುಚ್ಚಳ ಹಾಕಿದರು. “ನಾನು ಬೆಳಿಗ್ಗೆ ಬರೀ ಕಾಫಿ ಕುಡಿದದ್ದು” ಎಂದರು. ಯಾರಿಗೆ ಹೇಳಿದರು ಎಂದು ಗೊತ್ತಾಗಲಿಲ್ಲ. ಆ ದಿನವೇ ಊರಿನ ಎಲ್ಲ ಬಾವಿಗಳಿಗೆ ಬ್ಲೀಚಿಂಗ್ ಪೌಡರು ಬಿತ್ತು. ಹೋಟೆಲು ಮುಚ್ಚಿತು. ಕಾಮಾಲೆ ಇದೆ, ನೀರು ಕಾಯಿಸಿ ಕುಡಿಯಿರಿ ಎಂಬ ಸರ್ಕಾರದ ಕಾಗದ ನಮ್ಮ ಜಗಲಿಯ ಕಂಬಕ್ಕೇ ಅಂಟಿತು. ಅದನ್ನು ಓದಿದ ನಂಜಪ್ಪನವರು, “ಪಾಪ, ಊರಲ್ಲಿ ಯಾರಿಗೋ ಕಾಮಾಲೆ ಅಂತೆ” ಎಂದರು. ಆಗಲೂ ನಾನು ರವಿಕೆಗೆ ತೋಳು ಕೂಡಿಸುತ್ತಿದ್ದೆ.

ಈ ಗಲಾಟೆಯ ನಡುವೆ ಮದುವೆಯ ಜವಳಿ ತೆಗೆಯುವ ದಿನ ಬಂತು. ಎರಡೂ ಕಡೆಯವರು ಕೂತು ಧಾರೆ ಸೀರೆ ಆರಿಸುವ ಶಾಸ್ತ್ರ. ಹೆಣ್ಣಿನ ತಂದೆಯದೇ ಅಂಗಡಿ, ಬೇರೆ ಕಡೆ ಹೋಗುವ ಪ್ರಶ್ನೆಯೇ ಇಲ್ಲ. ಸಿದ್ದಬಸಪ್ಪನವರು, ಅವರ ಹೆಂಡತಿ, ಹುಡುಗ ಬಸ್ಸಿನಿಂದ ಇಳಿದರು. ಕುಡಿಯುವ ನೀರನ್ನು ಕೊಡ್ಲಿಪೇಟೆಯಿಂದಲೇ ಚೊಂಬಿನಲ್ಲಿ ತಂದಿದ್ದರು. ಕಂಬದ ಮೇಲಿನ ಕಾಗದವನ್ನು ಒಬ್ಬರಾದ ಮೇಲೊಬ್ಬರು ಓದಿ ಒಳಗೆ ಹೋದರು.

ಬೀಗಿತ್ತಿ ಇಪ್ಪತ್ತು ಸೀರೆ ಬಿಚ್ಚಿಸಿ, ಬದನೆಕಾಯಿ ಬಣ್ಣದ, ಬೆಳ್ಳಿ ಜರಿಯ ಒಂದನ್ನು ಮಡಿಲಿಗೆ ಎಳೆದುಕೊಂಡರು. ಶಕುಂತಲಮ್ಮ ಒಪ್ಪಿದರು. ಸುಲೋಚನ, “ಚೆನ್ನಾಗೈತೆ ಅತ್ತೆ” ಎಂದಳು. ಹುಡುಗ ತಲೆಯಾಡಿಸಿದ. ಊರಿನಲ್ಲಿ ಅದಕ್ಕಿಂತ ಸುಲಭವಾಗಿ ಯಾರೂ ಧಾರೆ ಸೀರೆ ಆರಿಸಿದ್ದಿಲ್ಲ.

“ಆಗಲ್ಲ” ಎಂದರು ನಂಜಪ್ಪನವರು.

ಎಲ್ಲರೂ ಅವರನ್ನು ನೋಡಿದರು.

“ಬೆಳ್ಳಿ ಜರಿ, ನೇರಳೆ, ಇದು ನನ್ನ ಮಗಳಿಗೆ ಆಗಲ್ಲ ಬೀಗರೆ. ಅವಳ ಮೈಯೊಳಗಿರೋದು ಹಳದಿ.” ಮಗಳ ಕೈಯನ್ನು ಹಿಡಿದು ಬೆಳಕಿಗೆ ತಿರುಗಿಸಿದರು. “ಇಲ್ನೋಡಿ. ನರ ಹಸಿರು. ಪೂರ್ತಿ ಹಳದಿ.”

ಬೀಗಿತ್ತಿ ಸೀರೆಯನ್ನು ಮೆಲ್ಲಗೆ ಮಡಿಲಿನಿಂದ ಕೆಳಗಿಟ್ಟರು. “ಎಷ್ಟು ದಿನದಿಂದ ಐತೆ?”

“ಹುಟ್ಟಿದಾಗ್ಲಿಂದ! ನಮ್ಮ ವಂಶಕ್ಕೇ ಐತೆ. ನಮ್ಮವ್ವನಿಗೂ ಇತ್ತು.”

“ನಿಮ್ಮವ್ವ ಏನಾಗಿ ತೀರ್ಕಂಡ್ರು?” ಎಂದು ಸಿದ್ದಬಸಪ್ಪನವರು ಕೇಳಿದರು.

“ಹಂಗೇ, ನಾಕು ದಿನ ಮಲಗಿದ್ರು, ಹೋದ್ರು.”

“ಅಪ್ಪಾಜಿ” ಎಂದಳು ಸುಲೋಚನ. ಒಳಗಿದ್ದವರಲ್ಲಿ ಅವಳಿಗೆ ಮಾತ್ರ ಅರ್ಥವಾಗಿತ್ತು. “ಸುಮ್ನಿರಿ ಅಪ್ಪಾಜಿ.”

“ನೀನು ಸುಮ್ನಿರವ್ವ. ತಿಳಿದೋರ ಮುಂದೆ ಶಾಸ್ತ್ರ ಹೇಳದೆ ಇನ್ಯಾರ ಮುಂದೆ ಹೇಳ್ಲಿ?”

ತಿಳಿದವರು ಎದ್ದರು. “ಒಳ್ಳೇದು, ಜವಳಿ ಇನ್ನೊಂದು ದಿನ ತೆಗೆಯಾಣ” ಎಂದು ಸಿದ್ದಬಸಪ್ಪನವರು ಚೊಂಬು ಎತ್ತಿಕೊಂಡರು. ಹುಡುಗ ಒಂದು ಸಲ ತಿರುಗಿ ನೋಡಿದ. ಅವನು ಸುಲೋಚನಳ ಮುಖ ನೋಡಲಿಲ್ಲ. ಕೈ ನೋಡಿದ.

ಎರಡು ದಿನಕ್ಕೆ ಕಾಗದ ಬಂತು: ಕಾಯಿಲೆಯ ವಿಷಯ ಮುಚ್ಚಿಟ್ಟದ್ದು ಸರಿಯಲ್ಲ. ನಂಜಪ್ಪನವರು ಮೂರು ಸಲ ಓದಿದರು. ಮೂರನೆಯ ಸಲ ಅರ್ಥವಾಗಿ ಕೂತುಬಿಟ್ಟರು. ಆಮೇಲೆ ಅವರು ಮಾಡಿದ್ದು ಬುದ್ಧಿವಂತರು ಮಾಡುವ ಕೆಲಸ. ಮಗಳನ್ನು ಸೋಮವಾರಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಕಣ್ಣು, ನಾಲಿಗೆ, ಮೂತ್ರ ಎಲ್ಲ ಪರೀಕ್ಷೆ ಮಾಡಿಸಿ, ಕಾಮಾಲೆಯಿಲ್ಲ ಎಂದು ಸರ್ಟಿಫಿಕೇಟು ಬರೆಸಿದರು. ಮೊಹರು ಒತ್ತಿಸಿದರು. ನಾವಿಬ್ಬರೂ ಅದನ್ನು ಹಿಡಿದುಕೊಂಡು ಕೊಡ್ಲಿಪೇಟೆಗೆ ಹೋದೆವು.

ಸಿದ್ದಬಸಪ್ಪನವರು ಅದನ್ನು ಓದಿ, ಮೊಹರನ್ನು ಬೆರಳಿನಿಂದ ಸವರಿ, ಹಿಂದಕ್ಕೆ ಕೊಟ್ಟರು.

“ಅಲ್ಲ ಬೀಗರೆ, ಕಾಯಿಲೆ ಇಲ್ದಿದ್ರೆ ಸರ್ಟಿಫಿಕೇಟ್ ಯಾಕೆ ತಂದ್ರಿ? ನನ್ನ ಮಗನಿಗೆ ಮೂರ್ಛೆರೋಗ ಇಲ್ಲ. ಇಲ್ಲ ಅಂತ ನಾವೇನಾರ ಸರ್ಟಿಫಿಕೇಟ್ ಬರೆಸ್ಕಂಡು ಓಡಾಡ್ತಿದೀವಾ?”

ನಂಜಪ್ಪನವರು ನನ್ನ ಮುಖ ನೋಡಿದರು. ನಾನು ಪುಸ್ತಕದ ಕಥೆ ಹೇಳಲು ಬಾಯಿ ತೆರೆದೆ. ದೊರೆಸಾನಿಯ ಪೆಟ್ಟಿಗೆ, ನೀಲಿ ನರ, ಹಸಿರು ನರ, ಗುಲಾಬಿ. ಹೇಳುತ್ತಾ ಹೋದ ಹಾಗೆ ಅದು ನನಗೇ ಸುಳ್ಳಿನ ಹಾಗೆ ಕೇಳಿಸಿತು. ಸಿದ್ದಬಸಪ್ಪನವರು ಮರುಕದಿಂದ ತಲೆಯಾಡಿಸಿ ಒಂದು ದಾರಿ ತೋರಿಸಿದರು. “ನಾನು ಮಾತಿಗೆ ತಪ್ಪೋನಲ್ಲ. ಒಂದು ಚುಟಿಕೆ ಹಾಕಿಸ್ಬುಡಿ. ಕಾಮಾಲೆ ಇದ್ರೂ ಹೋಯ್ತು, ಇಲ್ದಿದ್ರೂ ನಮ್ಮ ಹೆಂಗಸರಿಗೆ ಸಮಾಧಾನ ಆಯ್ತು. ಮದುವೆ ಇಟ್ಕಳಾಣ.”

ಚುಟಿಕೆ ಎಂದರೆ ಅರಿಶಿನದ ಕೊಂಬಿನ ತುದಿಯನ್ನು ದೀಪದ ಉರಿಯಲ್ಲಿ ಕೆಂಡ ಮಾಡಿ ಮುಂಗೈಗೆ ಒತ್ತುವುದು. ಒತ್ತುವ ಜಾಗ ನಂಜಪ್ಪನವರು ನರ ನೋಡುತ್ತಿದ್ದ ಜಾಗವೇ.

ನಮ್ಮೂರಲ್ಲಿ ಚುಟಿಕೆ ಹಾಕುತ್ತಿದ್ದವಳು ಹುಚ್ಚಮ್ಮ ಎಂಬ ಮುದುಕಿ. ಮಾರನೆಯ ಬೆಳಿಗ್ಗೆ ಅವಳನ್ನು ಕರೆಸಿದರು. ಅವಳು ಸುಲೋಚನಳ ಕಣ್ಣಿನ ರೆಪ್ಪೆ ಎಳೆದು ನೋಡಿದಳು, ಉಗುರು ಒತ್ತಿ ನೋಡಿದಳು.

“ಈ ಮಗೀಗೆ ಏನೂ ಇಲ್ವಲ್ಲಪ್ಪ. ಕಣ್ಣು ಹಾಲಿನಂಗವೆ.”

“ಇಲ್ಲ ಅಂತ ನಂಗೊತ್ತು” ಎಂದರು ನಂಜಪ್ಪನವರು. “ಹಾಕು.”

“ಇಲ್ದಿರೋದಕ್ಕೆ ಹೆಂಗೆ ಹಾಕ್ಲಿ? ನಲವತ್ತು ವರ್ಷದಿಂದ ಹಾಕ್ತಿವ್ನಿ, ಹಿಂಗೆ ಯಾರೂ ಕೇಳಿಲ್ಲ.”

ಸೋಮವಾರಪೇಟೆಯ ಡಾಕ್ಟರನ್ನು ಬಿಟ್ಟರೆ ಸರಿಯಾಗಿ ಮಾತಾಡಿದವಳು ಆ ಮುದುಕಿ ಒಬ್ಬಳೇ. ಶಕುಂತಲಮ್ಮ ಅಡುಗೆಮನೆಯ ಬಾಗಿಲಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದರು. ಹಾಕಿಸಬೇಡಿ ಎಂದು ಅವರೂ ಹೇಳಲಿಲ್ಲ. ಐದು ಸಲ ಉಪ್ಪಿಟ್ಟು ಮಾಡಿದ ಹೆಂಗಸು, ಹೇಗೆ ಹೇಳಿಯಾರು? ಸುಲೋಚನ ಚಾಪೆಯ ಮೇಲೆ ಕೂತು ಬಳೆಗಳನ್ನು ಮೇಲಕ್ಕೆ ಸರಿಸಿದಳು.

“ಯಾವ ಕೈ ಅಪ್ಪಾಜಿ? ನೀವು ತೋರ್ಸಿದ್ದು ಬಲಗೈ.”

ನಂಜಪ್ಪನವರು ಹೊರಗೆ ಬಂದು ಜಗಲಿಯ ಮೇಲೆ, ನನ್ನ ಮೆಷಿನ್ನಿನ ಪಕ್ಕ ಕೂತರು. “ಪುಟ್ರಾಜು, ಮೆಷಿನ್ ತುಳಿಯಯ್ಯ” ಎಂದರು. ನಾನು ಬಟ್ಟೆಯಿಲ್ಲದ ಮೆಷಿನ್ನನ್ನು ತುಳಿದೆ. ಒಳಗಿನಿಂದ ಏನೂ ಕೇಳಿಸಲಿಲ್ಲ. ಅವಳು ಕೂಗಲೇ ಇಲ್ಲ ಎಂದು ಹುಚ್ಚಮ್ಮ ಆಮೇಲೆ ಹೇಳಿದಳು.

ಗಾಯ ಒಣಗುವುದಕ್ಕೆ ಮೂರು ವಾರ ಹಿಡಿಯಿತು. ಸಿದ್ದಬಸಪ್ಪನವರು ಹೆಂಡತಿಯೊಡನೆ ನೋಡಲು ಬಂದರು. ಬೀಗಿತ್ತಿ ಸುಲೋಚನಳ ಕೈ ತಿರುಗಿಸಿದರು. ಕಾಸಿನಗಲದ ಗುಲಾಬಿ ಬಣ್ಣದ ಕಲೆ. ಗಂಡನ ಕಡೆ ನೋಡಿದರು. ಸಿದ್ದಬಸಪ್ಪನವರು ನಿಟ್ಟುಸಿರು ಬಿಟ್ಟು ಹೇಳಿದ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

“ಅಂದ್ರೆ ಇತ್ತು ಅಂತಾಯ್ತು. ಇಲ್ಲದ ಕಾಯಿಲೆಗೆ ಯಾವ ತಂದೆಯಾದ್ರೂ ಹೆತ್ತ ಮಗಳಿಗೆ ಚುಟಿಕೆ ಹಾಕಿಸ್ತಾನಾ?”

ಮದುವೆ ಮುರಿಯಿತು.

ಆ ಸಂಜೆ ಸುಲೋಚನ ಜಗಲಿಗೆ ಬಂದು ಬಿಳಿ ಕರವಸ್ತ್ರವನ್ನು ನನ್ನ ಮೆಷಿನ್ನಿನ ಮೇಲೆ ಇಟ್ಟಳು. “ಎಣ್ಣೆ ಒರೆಸಾಕೆ ಇಟ್ಕಳಿ ಪುಟ್ರಾಜಣ್ಣ, ಒಳ್ಳೆ ಬಟ್ಟೆ” ಎಂದಳು. ನಂಜಪ್ಪನವರು ಪುಸ್ತಕವನ್ನು ಬಚ್ಚಲ ಒಲೆಗೆ ಹಾಕಿದರು. ಅವತ್ತಿನಿಂದ ಅವರು ಯಾರ ಕೈಯನ್ನೂ ನೋಡಲಿಲ್ಲ. ನೋಡುವುದಿಲ್ಲ ಎಂದಷ್ಟೂ ಅವರ ಹೆಸರು ಬೆಳೆಯಿತು. ಸ್ವಂತ ಮಗಳಿಗೇ ಕೈಯಾರೆ ಚುಟಿಕೆ ಹಾಕಿ ವಾಸಿ ಮಾಡಿದ ಪಂಡಿತರು ಎಂದು ಆಲೂರಿನ ಕಡೆಯಿಂದೆಲ್ಲ ಜನ ಬರತೊಡಗಿದರು. ಬಂದವರು ಅವರಾಗಿ ಹಳದಿ ಬಟ್ಟೆ ಹರಿಸಿಕೊಂಡು, ಕೈಮುಗಿದು ಹೋಗುತ್ತಿದ್ದರು. ಅದೇ ವರ್ಷ ಸುಲೋಚನಳನ್ನು ನೋಡಲು ಇನ್ನೂ ಎರಡು ಕಡೆಯವರು ಬಂದರು. ಅವರು ಅವಳ ಮುಖದ ಬಣ್ಣದ ಬಗ್ಗೆ ಒಂದು ಮಾತೂ ಆಡಲಿಲ್ಲ. ಮೊದಲು ಕೈ ತಿರುಗಿಸಿ ನೋಡಿದರು. ಜನ ಮುಖ ಬಿಟ್ಟು ಕೈ ನೋಡಬೇಕು ಎಂದು ನಂಜಪ್ಪನವರು ಬಯಸಿದ್ದರಲ್ಲ, ಅಷ್ಟರ ಮಟ್ಟಿಗೆ ಅವರ ಶಾಸ್ತ್ರ ಗೆದ್ದಿತು.

ಮರುವರ್ಷ ಆಷಾಢದಲ್ಲಿ, ಮಧ್ಯಾಹ್ನದ ಬಸ್ಸಿನಿಂದ ಸಿದ್ದಬಸಪ್ಪನವರು ಇಳಿದರು. ಹಿಂದೆ ಕಂಬಳಿ ಹೊದ್ದ ಅವರ ಮಗ. ಹುಡುಗನಿಗೆ ಇನ್ನೂ ಮದುವೆಯಾಗಿರಲಿಲ್ಲ. ಅವನ ಕಣ್ಣು ನೋಡಿದೆ. ಈ ಸಲ ಪುಸ್ತಕ ಬೇಕಾಗಿರಲಿಲ್ಲ, ಪಂಡಿತರೂ ಬೇಕಾಗಿರಲಿಲ್ಲ. ಕಣ್ಣಿನ ಬಿಳಿ ಭಾಗ ಅರಿಶಿನದ ನೀರಾಗಿತ್ತು.

“ಪಂಡಿತ್ರೆ” ಎಂದರು ಸಿದ್ದಬಸಪ್ಪನವರು, ಬೀಗರೆ ಎಂದು ಕರೆಯುತ್ತಿದ್ದ ಬಾಯಲ್ಲಿ. “ನೀವೇ ಕೈ ನೋಡ್ಬೇಕು.”

ನಂಜಪ್ಪನವರು ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಅಂಗಡಿಯ ಗಾದಿಯ ಮೇಲೆ ಸುಲೋಚನ ಕೂತಿದ್ದಳು. ಆ ಹೊತ್ತಿಗೆ ಅಂಗಡಿಯನ್ನು ನಡೆಸುತ್ತಿದ್ದವಳು ಅವಳೇ. ಸಿದ್ದಬಸಪ್ಪನವರು ಅವಳನ್ನು ನೋಡಿದರು, ಬೀರುಗಳನ್ನು ನೋಡಿದರು, ಮಗನನ್ನು ನೋಡಿದರು. ಅವರ ಮುಖಕ್ಕೆ ಕಳೆ ಬಂತು.

“ಒಂದು ಲೆಕ್ಕಕ್ಕೆ ಇದೂ ಒಳ್ಳೇದೇ ಆಯ್ತು ನೋಡಿ. ಅವತ್ತು ಒಂದೇ ಕಡೆ ಕಾಮಾಲೆ ಅಂತ ನಾವು ಹಿಂದೆ ಸರಿದ್ವಿ. ಈಗ ಎರಡು ಕಡೆಗೂ ಬಂದದ್ದಾಯ್ತು. ಇನ್ನು ಯಾರೂ ಯಾರನ್ನೂ ಆಡ್ಕಳಂಗಿಲ್ಲ. ಇವನು ವಾಸಿಯಾಗ್ಲಿ, ಶ್ರಾವಣದಲ್ಲಿ ಮಾತು ಮುಗಿಸ್ಬುಡಾಣ. ಏನಂತೀರಿ?”

ನಂಜಪ್ಪನವರ ಮುಖದಲ್ಲಿ ಆಸೆ ಮೂಡಿದ್ದು ನನಗೆ ಕಂಡಿತು. ಇಷ್ಟೆಲ್ಲ ಆದ ಮೇಲೂ ಮೂಡಿತು. ನನಗೆ ಸಿಟ್ಟು ಬಂತು, ಹಾಗೆಯೇ ಅಳುವೂ ಬಂತು.

ಸುಲೋಚನ ಗಜದ ಕೋಲನ್ನು ಪಕ್ಕಕ್ಕಿಟ್ಟಳು. “ಯಜಮಾನ್ರೆ” ಎಂದಳು, ಸಂತೆಯ ಗಿರಾಕಿಗಳನ್ನು ಕರೆಯುವ ಹಾಗೆ. “ನನಗೆ ಕಾಮಾಲೆ ಬಂದಿರ್ಲಿಲ್ಲ. ಚುಟಿಕೆ ಮಾತ್ರ ಬಂದಿದ್ದು.”

“ವಾಸಿಯಾದೋರೆಲ್ಲ ಹಂಗೇ ಹೇಳೋದು ಕಣವ್ವ” ಎಂದು ಸಿದ್ದಬಸಪ್ಪನವರು ಪ್ರೀತಿಯಿಂದ ನಕ್ಕರು.

ನಾನು ಮೆಷಿನ್ನು ನಿಲ್ಲಿಸಿ ಎದ್ದು ಬಾಗಿಲಿಗೆ ಬಂದೆ. ಒಂದೂವರೆ ವರ್ಷ ತಡವಾಗಿ ಬಂದೆ. “ಅವಳಿಗೆ ಏನೂ ಇರ್ಲಿಲ್ಲ ಯಜಮಾನ್ರೆ. ಜನ ತಪ್ಪು ತಿಳಿದದ್ದು ನನಗೆ ಮೊದ್ಲಿಂದ ಗೊತ್ತಿತ್ತು. ನಾನು ಹೇಳ್ಲಿಲ್ಲ.”

“ನೀನು ದರ್ಜಿ” ಎಂದರು ಅವರು. “ಕಾಯಿಲೆ ವಿಷ್ಯ ನಿನಗೇನು ಗೊತ್ತು?”

ಸುಲೋಚನ ನನ್ನನ್ನು ನೋಡಿದಳು. ನನಗೆ ಗೊತ್ತಿತ್ತು ಎಂಬುದು ಅವಳಿಗೆ ಗೊತ್ತಾದದ್ದು ಆಗಲೇ. ಆಮೇಲೆ ಕಂಬಳಿ ಹೊದ್ದು ನಿಂತಿದ್ದ ಹುಡುಗನ ಕಡೆ ತಿರುಗಿದಳು.

“ಮಡಿಕೇರಿ ಆಸ್ಪತ್ರೆಗೆ ಹೋಗಿ. ಇದೇ ಬಸ್ಸು ಸೋಮವಾರಪೇಟೆವರೆಗೂ ಹೋಗ್ತದೆ, ಅಲ್ಲಿಂದ ಮಡಿಕೇರಿಗೆ ಬಸ್ಸು ಐತೆ. ಎಣ್ಣೆ ಖಾರ ಮುಟ್ಬೇಡಿ, ಚುಟಿಕೆ ಹಾಕಿಸ್ಬೇಡಿ, ವಾಸಿಯಾಗ್ತದೆ. ವಾಸಿಯಾದ ಮೇಲೆ ಸರ್ಟಿಫಿಕೇಟ್ ಮಾತ್ರ ಬರೆಸ್ಕಬೇಡಿ. ಅದು ಕೈಯಲ್ಲಿದ್ರೆ ಯಾರೂ ಹೆಣ್ಣು ಕೊಡಲ್ಲ.”

ಹುಡುಗ ತಲೆ ಎತ್ತಲಿಲ್ಲ. ಅವನ ಹಿಂದೆ ನಿಂತಿದ್ದ ಗಿರಾಕಿ ಹೆಂಗಸೊಬ್ಬಳು ರವಿಕೆ ಕಣ ಕೇಳಿದಳು, ತನ್ನ ಬಣ್ಣಕ್ಕೆ ಯಾವುದು ಒಪ್ಪುತ್ತದೆ ಎಂದೂ ಕೇಳಿದಳು. ಸುಲೋಚನ ಬೀರುವಿನಿಂದ ಆರೇಳು ಕಣ ತೆಗೆದು ಅವಳ ಮುಂದೆ ಹಾಸಿ, “ನಿಮಗೆ ಇಷ್ಟ ಆದದ್ದು ಆರಿಸ್ಕಳಿ” ಎಂದಳು.